ಎಂಟು ನಿಮಿಷದ ಚಿತ್ರಗಳು

ಗಂಡ ಶಾಂತಕುಮಾರ ಕಾರವಾರದ ಕಡಲಲ್ಲಿ ಮುಳುಗಿ ನಲವತ್ತೊಂದು ದಿನವಾದ ಮೇಲೆ ಪಂಚಶೀಲಾ ಲ್ಯಾಪ್‌ಟಾಪ್ ತೆರೆದಳು. ಡ್ರೋನ್ ಮೇಲಿನಿಂದ ತೆಗೆದ ಕಡಲಿನ ಫೋಟೊಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಹಾಸಿ, ಡಾಲ್ಫಿನ್ ಕಂಡಲ್ಲಿ ನೀಲಿ ಚುಕ್ಕೆ, ಕಡಲಾಮೆ ಕಂಡಲ್ಲಿ ಕೆಂಪು ಚುಕ್ಕೆ ಇಡುವುದು ಅವಳ ಕೆಲಸ. ಆಳಂದದ ಬಾಡಿಗೆ ಕೋಣೆಯಲ್ಲೇ ಕೂತು ಮಾಡುತ್ತಿದ್ದಳು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ತಿದ್ದಬಹುದಾದ ಆ ತಂತ್ರಾಂಶವನ್ನು ಅವಳಿಗೆ ಕಲಿಸಿದವನು ಗಂಡನೇ. ಅವನು ದೋಣಿಯಲ್ಲಿ ಹೋಗಿ ಪ್ರಾಣಿಗಳನ್ನು ಹತ್ತಿರದಿಂದ ಗುರುತಿಸುತ್ತಿದ್ದ. ಅಫಜಲಪುರದ ಯಾಸೀನ ದಂಡೆಯಲ್ಲಿ ನಿಂತು ಡ್ರೋನ್ ಹಾರಿಸುತ್ತಿದ್ದ.

ಶಾಂತಕುಮಾರ ಮುಳುಗಿದ ದಿನ ಅಲೆ ಹೊಡೆದು ದೋಣಿ ಮಗುಚಿತು. ಬದುಕಿ ಬಂದ ದೋಣಿಯವನು, "ಒಂದೇ ಕ್ಷಣದಲ್ಲಿ ಹೋದ, ನರಳಲಿಲ್ಲ" ಎಂದಿದ್ದ. ಮನೆಯವರೆಲ್ಲ ಆ ಮಾತನ್ನೇ ಹಿಡಿದುಕೊಂಡು ದಿನ ನೂಕುತ್ತಿದ್ದರು.

ನಲವತ್ತೊಂದನೆಯ ದಿನದ ಬೆಳಿಗ್ಗೆ ಯಾಸೀನ ಫೋನ್ ಮಾಡಿದ್ದ. "ಅಕ್ಕಾ, ಆವತ್ತಿನ ಫೋಟೊ ಯಾರೂ ತೆರದಿಲ್ರಿ. ನನಗಂತೂ ಆಗಂಗಿಲ್ಲ. ಆವತ್ತ ನನ್ನ ಕೈಯಾಗಿನ ಸ್ಕ್ರೀನ್ ಕಪ್ಪಾಗಿತ್ರಿ, ಡ್ರೋನ್ ತನ್ನ ದಾರಿ ತಾನೇ ಮುಗಿಸಿ ವಾಪಸ್ ಬಂತು. ಕಂಡಿದ್ರ ಉಳಸ್ಲಾಕ ನಾ ಯಾರನ್ನರ ಓಡಿಸ್ತಿದ್ದೆ."

"ಅವರ ಕೆಲ್ಸ ಅರ್ಧಾ ಉಳದದ ಯಾಸೀನ. ನಾನೇ ಮುಗಸ್ತೇನಿ."

ಡ್ರೋನ್ ಕಡಲ ಮೇಲೆ ಸಾಲು ಸಾಲಾಗಿ ಹೋಗಿ ಬಂದು ಫೋಟೊ ತೆಗೆದಿತ್ತು. ಮೊದಲ ಸಾಲಿನ ಫೋಟೊದಲ್ಲಿ ದೋಣಿ ನೆಟ್ಟಗಿತ್ತು. ಡ್ರೋನ್ ತಿರುಗಿ ಬಂದ ಎರಡನೆಯ ಸಾಲಿನಲ್ಲಿ ಬೋರಲಾಗಿತ್ತು. ಅದರ ಬೆನ್ನ ಮೇಲೆ ದೋಣಿಯವನು. ಪಕ್ಕದ ನೀರಲ್ಲಿ ಹಳದಿ ಅಂಗಿಯ ಶಾಂತಕುಮಾರ, ಒಂದು ಕೈ ಮೇಲೆತ್ತಿದ್ದ. ಮೂರನೆಯದರಲ್ಲಿ ಹಳದಿ ಅಂಗಿ ದೋಣಿಯಿಂದ ದೂರ ಸರಿದಿತ್ತು. ನಾಲ್ಕನೆಯದರಲ್ಲಿ ಅದು ಇರಲಿಲ್ಲ. ಫೋಟೊಗಳ ಮೇಲಿನ ಸಮಯವನ್ನು ಅವಳು ಮೂರು ಸಲ ನೋಡಿದಳು. ದೋಣಿ ಬೋರಲಾಗಿ ಕಂಡದ್ದಕ್ಕೂ ಹಳದಿ ಅಂಗಿ ಕಾಣದಾದದ್ದಕ್ಕೂ ನಡುವೆ ಎಂಟು ನಿಮಿಷ. ಎದ್ದು ಗೋಡೆಗೊರಗಿ ನೆಲದ ಮೇಲೆ ಕೂತಳು.

ಮಾದನಹಿಪ್ಪರಗಾದ ಬಸ್ಸಿಳಿದು ಅತ್ತೆ ಕಸ್ತೂರಿಬಾಯಿ ಬಂದಾಗಲೂ ಅವಳು ಅಲ್ಲೇ ಕೂತಿದ್ದಳು, ಪರದೆಯ ಮೇಲೆ ಕಡಲ ಫೋಟೊ ತೆರೆದೇ ಇತ್ತು.

"ಏನ್ ಕಂಡಿ ಬೇ? ಖರೇ ಹೇಳು."

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೆತ್ತವಳ ಕಣ್ಣೆದುರು ಅದು ಹೊರಡಲಿಲ್ಲ. "ಒಮ್ಮೆಲೆ ಹೋಗಿಲ್ರಿ ಅತ್ತಿ. ಎಂಟ ನಿಮಿಷ ನೀರಾಗ ಈಸ್ಯಾರ."

ಕಸ್ತೂರಿಬಾಯಿ ಚೀಲ ಕೆಳಗಿಟ್ಟು ಸೊಸೆಯ ಪಕ್ಕ ಕೂತಳು. "ತೋರ್ಸು" ಎಂದಳು. ಪರದೆಯ ಮೇಲಿನ ಹಳದಿ ಚೂರನ್ನು ಬೆರಳಿನಿಂದ ಸವರಿದಳು. "ಮಗನ ಮಾರಿ ಕಾಣವಲ್ದು. ದೊಡ್ಡದ್ ಮಾಡು."

"ದೊಡ್ಡದ್ ಮಾಡಿದ್ರ ಒಡದ್ಹೋಗ್ತದ್ರಿ ಅತ್ತಿ. ಬರೇ ಚೌಕ ಚೌಕ ಆಗ್ತದ."

"ಹಂಗಾರ ಸಣ್ಣದೇ ಇರ್ಲಿ" ಎಂದು ಮುದುಕಿ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ನಲವತ್ತೊಂದು ದಿನದಲ್ಲಿ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಮುಂದಿನ ನಾಲ್ಕು ದಿನ ಪಂಚಶೀಲಾ ಉಳಿದ ಸಾಲುಗಳನ್ನೆಲ್ಲ ನೋಡಿದಳು. ಹಳದಿ ಅಂಗಿಯಿದ್ದ ಫೋಟೊದ ಅಂಚಿನಲ್ಲೇ ಎರಡು ಆಮೆಗಳು ಈಜುತ್ತಿದ್ದವು. ಅವಕ್ಕೂ ಕೆಂಪು ಚುಕ್ಕೆ ಇಟ್ಟಳು. ಕೆಲಸ ಕೊಟ್ಟವರಿಗೆ ನಕ್ಷೆ ಕಳಿಸಿದ ಸಂಜೆ ಯಾಸೀನ ಮತ್ತೆ ಫೋನ್ ಮಾಡಿದ.

"ಅಕ್ಕಾ, ಅದರಾಗ... ಏನರ ಕಂಡಿತೇನ್ರಿ?"

"ಹನ್ನೊಂದ ಡಾಲ್ಫಿನ್, ಆರ ಆಮಿ" ಎಂದಳು ಪಂಚಶೀಲಾ. "ಬ್ಯಾರೆ ಏನೂ ಇಲ್ಲಪ್ಪಾ. ಊಟ ಮಾಡಿ ಮಲ್ಕೊ."