ಮೊದಲ ಪಂಕ್ತಿ

“ಆ ಹೆಣದ ಮೋರೆ ಹೊತ್ತುಕೊಂಡು ಸ್ಟೇಜಿಗೆ ಬಂದ್ರೆ ಕಾಲು ಮುರೀತೇನೆ, ರಂಡೆ! ಸ್ವಲ್ಪ ನಗು. ಇವತ್ತು ಧಣಿಗಳಿಗೆ ಪ್ರಶಸ್ತಿ, ನಿನ್ನ ಸತ್ತ ಗಂಡನ ಬೊಜ್ಜ ಅಲ್ಲ!”

ಮ್ಯಾನೇಜರ್ ಮಧ್ವರಾಜ ಹೀಗೆ ಕಿರುಚಿದ್ದು ಗುಣವತಿಗೆ. ಎಂಬತ್ತೊಂದರ ನವೆಂಬರಿನ ಆ ಆದಿತ್ಯವಾರ, ನಮ್ಮ ಹಂಚಿನ ಕಾರ್ಖಾನೆಯ ಆರು ಹೆಂಗಸರನ್ನು ಕಾಪುವಿನಿಂದ ಲಾರಿಯಲ್ಲಿ ಹೇರಿ ತಂದು ಉಡುಪಿಯ ಸಭಾಭವನದಲ್ಲಿ ಇಳಿಸಿದ್ದರು. ಎಲ್ಲರಿಗೂ ಒಂದೇ ತರದ ಹಳದಿ ಸೀರೆ. ಸಭೆ ಮುಗಿದ ಮೇಲೆ ಮಡಚಿ ವಾಪಸು ಕೊಡಬೇಕು. ಹಾರ, ಶಾಲು, ಫಲಕಗಳ ಹರಿವಾಣ ಹಿಡಿದು ಬರುವುದು ಅವರ ಕೆಲಸ. ಕುರ್ಚಿ ಹಾಕುವುದು, ಬ್ಯಾನರ್ ಕಟ್ಟುವುದು, ನಡುನಡುವೆ ಬೈಗುಳ ತಿನ್ನುವುದು ನನ್ನದು. ನಾನು ಕರುಣಾಕರ, ಕಾರ್ಖಾನೆಯ ಗೇಟಿನವನು.

ಬ್ಯಾನರಿನ ಇನ್ನೊಂದು ತುದಿ ಹಿಡಿಯಲು ಗುಣವತಿ ಬಂದಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು: ‘ಮೂರು ವರ್ಷಗಳಲ್ಲಿ ಒಂದೇ ಒಂದು ಅಪಘಾತವಿಲ್ಲದ ಆದರ್ಶ ಉದ್ಯಮ.’

“ಅದೂ ಹೌದಲ್ವಾ ಕರುಣಾಕರಣ್ಣ? ಕೆಲಸ ತಪ್ಪಿಸಿ, ಕುಡಿದು, ನಮ್ಮ ಮನೆಯವರೇ ಮಣ್ಣಿನ ಹೊಂಡಕ್ಕೆ ಬಿದ್ದು ಸತ್ತರೆ ಕಾರ್ಖಾನೆ ಎಂತ ಮಾಡ್ಲಿಕ್ಕುಂಟು?”

ಅವಳು ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿ ಹೇಳಿದಳು.

ನಮ್ಮಲ್ಲಿ ಹಾಜರಿ ಎಂದರೆ ಹಿತ್ತಾಳೆಯ ಬಿಲ್ಲೆ. ಕೆಲಸಕ್ಕೆ ಬಂದವನ ಬಿಲ್ಲೆ ಗೇಟಿನ ಹಲಗೆಯ ಬಲಬದಿಯ ಮೊಳೆಗೆ, ಬಾರದವನದ್ದು ಎಡಕ್ಕೆ. ಕಳೆದ ವರ್ಷ ಮೇ ತಿಂಗಳಲ್ಲಿ ಅವಳ ಗಂಡ ಶೀನ ಮಣ್ಣು ಅಗೆಯುವಾಗ ಹೊಂಡದ ಗೋಡೆ ಅವನ ಮೇಲೆ ಕುಸಿಯಿತು. ಹೆಣ ತೆಗೆಯುವ ಮೊದಲೇ ಮಧ್ವರಾಜ ನನ್ನ ಹತ್ತಿರ ಓಡಿ ಬಂದ. “ಅವನ ಬಿಲ್ಲೆ ಎಡಕ್ಕೆ ಹಾಕು ಮಾರಾಯ. ಇಲ್ಲದಿದ್ರೆ ನಾಳೆಯಿಂದ ನಿನ್ನದೂ ಅಲ್ಲೇ.” ಹಾಕಿದೆ. ನನಗೂ ಮೂರು ಮಕ್ಕಳುಂಟು ಎಂದು ನನಗೇ ಹೇಳಿಕೊಂಡೆ. ಕುಡಿದು ಬಿದ್ದ ಎಂದು ಮಧ್ವರಾಜ ಸುದ್ದಿ ಹಬ್ಬಿಸಿದ. ಎದೆ ಬಡಿದುಕೊಂಡು ಬಂದ ಗುಣವತಿಗೆ ಹಲಗೆ ತೋರಿಸಿದವನೂ ನಾನೇ.

“ಗುಣವತಿ, ಶೀನ ಆ ದಿನ ಬಂದಿದ್ದ,” ಎಂದೆ. “ಕುಡಿದಿರಲಿಲ್ಲ. ಬಿಲ್ಲೆ ಎಡಕ್ಕೆ ಹಾಕಿದ್ದು ನಾನು.”

ಬೈಯುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ ಎಂದು ಕಾದೆ. ಅವಳು ಅಲ್ಲೇ ಸ್ಟೇಜಿನ ಮೇಲೆ ಕುಸಿದು ಕೂತಳು.

“ಎರಡು ಆಟಿ ಹೋಯಿತು. ನಾನು ಅವರಿಗೆ ಬಡಿಸಲೇ ಇಲ್ಲ. ಕುಡುಕನಿಗೆ ಎಂತದು ಅಗೆಲು ಅಂತ ಮಕ್ಕಳೆದುರೇ ಹೇಳಿದೆ. ಎರಡು ವರ್ಷ ಹಸಿದುಕೊಂಡು ಬಾಗಿಲಿಗೆ ಬಂದು ಹೋದರಲ್ಲ ದೇವರೇ...”

ಮಳೆಗಾಲದ ಆಟಿ ತಿಂಗಳಲ್ಲಿ ನಾವು ಸತ್ತವರಿಗೆ ಎಲೆ ಹಾಕಿ ಅಗೆಲು ಬಡಿಸುತ್ತೇವೆ. ಬಡಿಸಿ, ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ಹೋಗುವಂತಿಲ್ಲ. ಎಂಥ ಬಡವನೂ ತಪ್ಪಿಸದ ಕೆಲಸ ಅದು. ಅದನ್ನು ಅವಳಿಂದ ತಪ್ಪಿಸಿದ ಪಾಪಿ ನಾನು.

“ಏ, ಅಲ್ಲಿ ಎಂತ ಪಂಚಾತಿಕೆ? ಹರಿವಾಣ ಹಿಡಿ ಬೇವರ್ಸಿ!” ಮಧ್ವರಾಜನ ಕೂಗು.

ಅವಳು ಎದ್ದು ಹಿಡಿದಳು. ಸಭೆ ಸಾಂಗವಾಗಿ ನಡೆಯಿತು. ಧಣಿ ಸರ್ವೋತ್ತಮರು ಅವಳ ಹರಿವಾಣದ ಮೇಲಿಂದಲೇ ಫಲಕ ಸ್ವೀಕರಿಸಿದರು. “ನನ್ನ ಕೆಲಸಗಾರರು ನನ್ನ ಮಕ್ಕಳು” ಎಂದರು. ಚಪ್ಪಾಳೆ ಬಿತ್ತು. ಗುಣವತಿ ನಗಲಿಲ್ಲ, ಅಳಲೂ ಇಲ್ಲ.

ಹಿಂದಿನ ಊಟದ ಕೋಣೆಯಲ್ಲಿ ಎಲೆ ಹಾಕಿಯಾಗಿತ್ತು. ಮೊದಲ ಪಂಕ್ತಿ ಧಣಿಗೂ ಅತಿಥಿಗಳಿಗೂ. ನಮಗೆ ಕಟ್ಟಕಡೆಗೆ, ಉಳಿದರೆ. ನಾನು ನೀರಿನ ಕೊಡ ಇಳಿಸುತ್ತಿದ್ದಾಗ ಗುಣವತಿ ಒಳಗೆ ಬಂದಳು. ಸಾಲಿನ ಮೊದಲ ಎಲೆಯ ಮುಂದೆ ಕೂತು ಅನ್ನ ಬಡಿಸಿದಳು, ಸಾರು, ಪಲ್ಯ, ಪಾಯಸ ಬಡಿಸಿದಳು. ಅಡುಗೆಯವರು ಸೌಟು ಹಿಡಿದುಕೊಂಡೇ ನಿಂತರು.

ಮಧ್ವರಾಜ ಓಡಿ ಬಂದ. “ಏಳೇ! ಅದು ಧಣಿಗಳ ಎಲೆ!”

“ನನ್ನ ಗಂಡನ ಎಲೆ. ಎಲ್ಲರೂ ಹೊರಗೆ ಹೋಗಿ. ಅವರು ಉಣ್ಣಬೇಕು.”

ಅವನು ಅವಳ ರಟ್ಟೆಗೆ ಕೈ ಹಾಕಿದ. ನಾನು ಅವನ ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಿದೆ. ಹದಿನೆಂಟು ವರ್ಷ ಅವನಿಗೆ ಸಲಾಂ ಹೊಡೆದ ಕೈ ಅದು. ಅಡುಗೆಯವರು ತಾವಾಗಿಯೇ ಹೊರಗೆ ನಡೆದರು.

ಗುಣವತಿ ಎಲೆಗೆ ಕೈ ಮುಗಿದಳು. “ಅಗೆಲಿಗೆ ಕೋಳಿ ಇಲ್ಲ, ರೊಟ್ಟಿ ಇಲ್ಲ. ಇವರದ್ದೇ ಅಡುಗೆ. ನಾನು ಬೈದದ್ದನ್ನೆಲ್ಲ ಮರೆತು ಉಣ್ಣಿ,” ಎಂದಳು. ಮತ್ತೆ ನನ್ನ ಕಡೆ ನೋಡದೆಯೇ ಹೇಳಿದಳು: “ನೀವೂ ಹೊರಗೆ.”

ಅವಳು ನನ್ನ ಹಿಂದೆಯೇ ಬಂದು ಬಾಗಿಲು ಎಳೆದು ಹೊಸ್ತಿಲಲ್ಲಿ ಕೂತಳು. ನಾನು ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಕೊರಳಲ್ಲಿ ಹಾರ ಹಾಕಿಕೊಂಡ ಧಣಿ, ಅವರ ಹಿಂದೆ ಬ್ಯಾಂಕಿನವರು, ವ್ಯಾಪಾರಿಗಳು, ಹೆಂಗಸರು, ಎಲ್ಲರೂ ಊಟಕ್ಕೆಂದು ಬಂದು ನಿಂತಿದ್ದರು.

“ಎಂತದು ಇದು? ಒಳಗೆ ಯಾರುಂಟು?” ಧಣಿ ನನ್ನನ್ನೇ ಕೇಳಿದರು.

“ಶೀನ,” ಎಂದೆ. ಮತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಮಣ್ಣಿನ ಹೊಂಡದ ಶೀನ. ಅವನು ಆ ದಿನ ಕೆಲಸಕ್ಕೆ ಬಂದಿದ್ದ ಧಣಿ. ಅವನ ಊಟ ಆಗಲಿ. ನೀವು ಕಾಯಿರಿ.”