ಗಾಳಿ ಸೋರುವ ಸದ್ದು

ಸರ್ಕಿಟ್ ಬೋರ್ಡು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕಿವಿಯಜ್ಜ ಎಂದೇ ಕರೆಯುತ್ತಿದ್ದರು. ಯಂತ್ರಗಳಿಗೆ ಪೈಪಿನಲ್ಲಿ ಗಾಳಿ ಕಳಿಸುವ ಕಂಪ್ರೆಸರ್ ಅವನ ಸುಪರ್ದಿಯಲ್ಲಿತ್ತು. ರಜೆಯ ದಿನ ಯಂತ್ರಗಳೆಲ್ಲ ನಿಂತಾಗ ಪೈಪುಗಳ ಕೆಳಗೆ ನಡೆಯುತ್ತಾ, "ಇಲ್ಲಿ ಸೋರ್ತಿದೆ" ಎಂದು ಬೆರಳು ತೋರಿಸಿದರೆ ಅಲ್ಲಿ ಗಾಳಿ ಸೋರುತ್ತಲೇ ಇರುತ್ತಿತ್ತು. ಆ ಹೆಮ್ಮೆ ಅವನಿಗೆ ಸ್ವಲ್ಪ ಜಾಸ್ತಿಯೇ ಇತ್ತೆನ್ನಿ. ಸೋರಿಕೆ ಹುಡುಕುವ ಉಪಕರಣ ತರಿಸೋಣವೆಂದ ಮ್ಯಾನೇಜರಿಗೆ, "ನನ್ನ ಕಿವಿಗೆ ಬ್ಯಾಟರಿ ಬೇಡ ಸಾರ್" ಎಂದು ಹೇಳಿ ಬಾಯಿ ಮುಚ್ಚಿಸಿದ್ದ.

ಈಗ ಬೋರ್ಡು ಕೊಳ್ಳುವ ಕಂಪನಿಯಿಂದ ಕಾಗದ ಬಂದಿತ್ತು. ಒಂದೊಂದು ಬೋರ್ಡಿಗೆ ತಗಲುವ ಕರೆಂಟು ಹತ್ತರಲ್ಲೊಂದು ಪಾಲು ಇಳಿಯಬೇಕು; ಇಲ್ಲವಾದರೆ ಆರ್ಡರ್ ಬೇರೆಯವರಿಗೆ. ಆರ್ಡರ್ ಹೋದರೆ ಮುಚ್ಚುವುದು ಅಜ್ಜನ ಸೊಸೆ ಕೆಲಸ ಮಾಡುವ, ಬೋರ್ಡು ಜೋಡಿಸುವ ಯಂತ್ರಗಳ ಸಾಲು.

"ಯಂತ್ರ ನಿಂತಿರೋ ರಜೆ ದಿನಾನೂ ಕಂಪ್ರೆಸರ್ ಅರ್ಧ ಹೊತ್ತು ಓಡಿ ಕರೆಂಟು ತಿಂತಾನೇ ಇರುತ್ತೆ. ಗಾಳಿ ಎಲ್ಲಿಗೆ ಹೋಗ್ತಿದೆ ಅಜ್ಜ?" ಎಂದು ಮ್ಯಾನೇಜರ್ ಕೇಳಿದ.

ಅಜ್ಜ ಎರಡು ರಜೆ ಇಡೀ ಕಾರ್ಖಾನೆ ಸುತ್ತಿ, "ಎಲ್ಲಾ ಭದ್ರವಾಗಿದೆ" ಎಂದ. ನಿಜಕ್ಕೂ ಅವನಿಗೆ ಏನೂ ಕೇಳಿಸಿರಲಿಲ್ಲ. ಕರೆದರೆ ಓಗೊಡದಿದ್ದಾಗ ಮನೆಯವರು ಜಾಣಕಿವುಡು ಎಂದು ನಗುತ್ತಿದ್ದರು, ಅವನೂ ನಗುತ್ತಿದ್ದ. ಒಳಗೆ ಮಾತ್ರ ಭಯವಿತ್ತು. ಕಿವಿ ಹೋದ ಕಿವಿಯಜ್ಜನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಮೂರನೇ ರಜೆಗೆ ಸೊಸೆಯೂ ಜೊತೆಗೆ ಬಂದಳು. ಕೈಯಲ್ಲಿ ಒಂದು ಡಬ್ಬಿ ಸೋಪಿನ ನೀರು, ಅಜ್ಜ ಗಡ್ಡಕ್ಕೆ ನೊರೆ ಹಚ್ಚಿಕೊಳ್ಳುವ ಬ್ರಷ್ಷು.

"ನೀವು ನನ್ನ ತುಟಿ ನೋಡ್ಕೊಂಡು ಉತ್ತರ ಕೊಡ್ತೀರಿ ಮಾವ. ನಂಗೆ ಗೊತ್ತಾಗಿ ತುಂಬಾ ದಿನ ಆಯ್ತು" ಎಂದಳು, ತುಟಿ ಕಾಣುವಂತೆ ಎದುರಿಗೆ ನಿಂತು. "ಪೈಪಿಗೆ ಇದನ್ನ ಹಚ್ಚಿ, ಸೋರೋ ಕಡೆ ಗುಳ್ಳೆ ಏಳುತ್ತೆ. ನಾನು ಯಾರಿಗೂ ಹೇಳಲ್ಲ."

ಅಜ್ಜನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಬ್ರಷ್ಷು ತೆಗೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಕಡೆ ಗುಳ್ಳೆ ಎದ್ದಿತ್ತು. ಒಂದೊಂದಕ್ಕೂ ಸೊಸೆ ಗುರುತಿಗೆ ಕೆಂಪು ಟೇಪು ಸುತ್ತಿದಳು.

ಕೊನೆಗೆ ಉಳಿದದ್ದು ಕಂಪ್ರೆಸರ್ ಕೋಣೆ. ಅಲ್ಲಿ ಅಜ್ಜನ ಕುರ್ಚಿ, ಕುರ್ಚಿಯ ಮೇಲುಗಡೆ ಅವನೇ ಕೂರಿಸಿದ ದೊಡ್ಡ ವಾಲ್ವು. ಇದಕ್ಕೇನು ಹಚ್ಚುವುದು ಎಂದುಕೊಂಡೇ ಹಚ್ಚಿದ. ನೊರೆ ಮುಖಕ್ಕೆ ಹಾರಿತು. ದೀಪದ ಬುಡದಲ್ಲೇ ಕತ್ತಲೆ. ಎಷ್ಟೋ ದಿನದಿಂದ ಅದರ ಕೆಳಗೇ ಕೂತು ಅವನು ನೆಮ್ಮದಿಯಾಗಿ ಚಹಾ ಕುಡಿದಿದ್ದ.

"ಜೋರಾಗಿ ಕೇಳ್ತಿದೆಯಾ?" ಎಂದ.

"ಬಾಗಿಲಿಂದಾನೇ ಕೇಳಿಸ್ತು ಮಾವ."

ಮರುದಿನ ಹದಿನೆಂಟು ಜಾಗಗಳ ಪಟ್ಟಿ ನೋಡಿ ಮ್ಯಾನೇಜರ್, "ಕಿವಿ ಅಂದ್ರೆ ಇದು" ಎಂದು ಹೊಗಳಿದ. ಅಜ್ಜ ಒಂದು ಗಳಿಗೆ ಆ ಹೊಗಳಿಕೆಯನ್ನು ಹಾಗೇ ಇಟ್ಟುಕೊಳ್ಳೋಣವೆಂದುಕೊಂಡ. ಆಮೇಲೆ ಜೇಬಿನಿಂದ ಬ್ರಷ್ಷು ತೆಗೆದು ಪಟ್ಟಿಯ ಮೇಲಿಟ್ಟ.

"ಹುಡುಕಿದ್ದು ಕಿವಿಯಲ್ಲ ಸಾರ್, ಈ ಬ್ರಷ್ಷು. ಸಣ್ಣ ಸದ್ದು ನಂಗೆ ಕೇಳಿಸದೆ ಎರಡು ವರ್ಷ ಆಯ್ತು. ಆ ಉಪಕರಣ ತರಿಸಿಬಿಡಿ."

ಮ್ಯಾನೇಜರ್ ತಲೆ ತಗ್ಗಿಸಿ ಬ್ರಷ್ಷನ್ನೇ ನೋಡುತ್ತಾ ಏನೋ ಹೇಳಿದ. ತುಟಿ ಕಾಣಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ಸಾರ್" ಎಂದ ಅಜ್ಜ. ಆ ಮಾತನ್ನು ಅವನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಮ್ಯಾನೇಜರ್ ತಲೆಯೆತ್ತಿದ. "ಉಪಕರಣ ಬರೋವರೆಗೂ ಬ್ರಷ್ಷು ಹಿಡ್ಕೊಂಡು ನೀವೇ ಸುತ್ತಬೇಕು ಅಂದೆ, ಅಜ್ಜ."