ಕೂಡದ ನೆತ್ತಿ

ಶೋಭನಾ ಭೂತಗನ್ನಡಿಯ ಕೆಳಗಿದ್ದ ಇಲಿಯ ಬುರುಡೆಯನ್ನು ಚಿಮುಟದಿಂದ ಮಗುಚಿ ಮತ್ತೊಮ್ಮೆ ಹಲ್ಲು ನೋಡಿದಳು. ದವಡೆಹಲ್ಲು ಸವೆದು ಚಪ್ಪಟೆಯಾಗಿತ್ತು, ಮುದಿ ಇಲಿಯೇ. ಆದರೆ ಈವರೆಗೆ ಅಳೆದ ಇನ್ನೂ ಕೆಲವು ಬುರುಡೆಗಳಂತೆ ಇದರ ನೆತ್ತಿಯ ಮೂಳೆಗಳೂ ಕೂಡಿರಲಿಲ್ಲ. ನಡುವಿನ ಸೀಳಿನಿಂದ ದೀಪದ ಬೆಳಕು ಬುರುಡೆಯೊಳಗೆ ಇಳಿಯುತ್ತಿತ್ತು.

"ಹಲ್ಲು ನೋಡಿದ್ರೆ ಅಜ್ಜಿ, ನೆತ್ತಿ ನೋಡಿದ್ರೆ ಹಸುಗೂಸು," ಎಂದು ಪಕ್ಕದ ಮೇಜಿನ ಶ್ರೀವಿದ್ಯಾ ನಕ್ಕಳು. ಮೈಸೂರಿನವಳು. ಬಂಗಾಳಿಗಳೇ ತುಂಬಿದ್ದ ಅಲಿಪುರದ ಆ ಪ್ರಯೋಗಾಲಯದಲ್ಲಿ ಕನ್ನಡ ಮಾತಾಡಲು ಇದ್ದವರು ಅವರಿಬ್ಬರೇ. "ಅಳತೆ ಮುಗೀತಲ್ಲ, ಇಂಥವೆಲ್ಲ ಎಲ್ಲೀವು ಅಂತ ನೋಡೇಬಿಡೋಣ, ಚೀಟಿ ತೆಗಿಯೇ."

ಇಲಿ ಎಲ್ಲಿಯದೆಂದು ಗೊತ್ತಿದ್ದರೆ ಅಳೆಯುವ ಕೈ ಅತ್ತಿತ್ತ ವಾಲುತ್ತದೆಂದು, ಅಳತೆ ಮುಗಿಯುವವರೆಗೆ ಡಬ್ಬಿಗಳ ಮೇಲಿನ ಚೀಟಿಗಳನ್ನು ಮುಚ್ಚಿಡುವುದು ಅಲ್ಲಿನ ರೂಢಿ. ಶೋಭನಾ ಮೇಲಿನ ಕಾಗದಗಳನ್ನು ಒಂದೊಂದಾಗಿ ಕಿತ್ತಳು. ನೆತ್ತಿ ಕೂಡದ ಇಲಿಗಳೆಲ್ಲ ಲೇಕ್ ಗಾರ್ಡನ್ಸಿನ ಒಂದೇ ಮನೆಯವು. ಅವಳೇ ತನ್ನ ಅಡುಗೆಮನೆಯಲ್ಲಿ ಬೋನಿಟ್ಟು ಹಿಡಿದು ತಂದವು.

ಶ್ರೀವಿದ್ಯಾಳ ನಗು ನಿಂತಿತು. ಶೋಭನಾಳ ಮಗಳು ಸಾಕ್ಷಿಗೆ ಮೂರು ತುಂಬುತ್ತ ಬಂದರೂ ನೆತ್ತಿ ಇನ್ನೂ ಮೆತ್ತಗೇ ಇರುವುದು ಅವಳಿಗೂ ಗೊತ್ತಿತ್ತು.

"ಒಂದೇ ತಾಯಿ ಮರಿಗಳಿರಬೇಕು ಕಣೆ. ಮನೆಗೂ ಇದಕ್ಕೂ ಏನೂ ಇಲ್ಲ," ಎಂದಳು. ಆದರೆ ಶೋಭನಾಳ ಮುಖ ನೋಡಲಿಲ್ಲ.

ಸಂಜೆ ಗಂಡ ಪ್ರಸನ್ನ ಬ್ಯಾಂಕಿನಿಂದ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಂತೆಯೇ ಶೋಭನಾ ಎಲ್ಲವನ್ನೂ ಹೇಳಿ, "ಈ ಮನೆ ಬಿಡುವ," ಎಂದಳು.

"ಎಂತ ಮಾರಾಯ್ತಿ, ಇಲಿಯ ತಲೆ ನೋಡಿ ಮನೆ ಬಿಡುವುದಾ? ಅಕ್ಕಪಕ್ಕದವರಿಗೆ ಎಂತ ಹೇಳುವುದು, ಇಲಿ ಓಡಿಸಿತು ಅಂತಲಾ?"

"ಮಗುವಿಗೆ ಏನಾದ್ರೂ ಆದ್ರೆ?"

"ಡಾಕ್ಟ್ರು ಕಾಯ್ಲಿಕ್ಕೆ ಹೇಳಿದ್ದಾರಲ್ಲ. ನಾನು ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ನನಗೆಂತ ಆಗಿದೆ?"

ಅವನು ಷೂ ಬಿಚ್ಚಲು ಬಗ್ಗಿದ. ನಡುನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ಇಷ್ಟು ವರ್ಷಗಳ ಸಂಸಾರದಲ್ಲಿ ಒಮ್ಮೆಯೂ ಅವನ ತಲೆಗೆ ಎಣ್ಣೆ ಹಚ್ಚಿಲ್ಲವೆಂಬುದು ಶೋಭನಾಳಿಗೆ ಆಗ ಹೊಳೆಯಿತು. ಪ್ರತಿ ಸಲವೂ ಅವನು ಏನೋ ಒಂದು ನೆಪ ಹೇಳಿ ತಪ್ಪಿಸಿಕೊಂಡಿದ್ದ. ಅವಳು ಎರಡು ಬೆರಳನ್ನು ಅಲ್ಲಿಟ್ಟಳು.

ಪ್ರಸನ್ನನ ಕೈ ಲೇಸಿನ ಮೇಲೆಯೇ ನಿಂತಿತು. ತಲೆ ಎತ್ತಲಿಲ್ಲ.

"ಒತ್ತಬೇಡ," ಎಂದ, ಮೆಲ್ಲಗೆ.

ಅವಳ ಬೆರಳ ಕೆಳಗೆ ಅವನ ಚರ್ಮ ತುಸುವೇ ಏರಿತು, ಇಳಿಯಿತು, ಮತ್ತೆ ಏರಿತು.